ಸೀಮೆಗಳ ಕಾಲಕ್ಕೊಂದು ಉತ್ಸವ

ಯೋಕೋಹಾಮಾದ ಹಳೆಯ ಬಡಾವಣೆಗಳಲ್ಲಿ ಬಹುಕಾಲ ಮನೆಗಳ ಮಾಡಿನ ಮೇಲೆ ಎರಡೆರಡು ಆಂಟೆನಾ ಇರುತ್ತಿದ್ದವು. ದೊಡ್ಡದು ತೋಕ್ಯೋ ಟವರಿನ ಕಡೆಗೆ ಮುಖ ಮಾಡಿರುತ್ತಿತ್ತು. 1958ರಲ್ಲಿ ಎದ್ದುನಿಂತ ಆ 333 ಮೀಟರ್ ಗೋಪುರದಿಂದ ರಾಜಧಾನಿಯ ವಾಹಿನಿಗಳೆಲ್ಲ ಮನೆಯೊಳಕ್ಕೆ ಇಳಿಯುತ್ತಿದ್ದವು. ಅದೇ ಕಂಬಕ್ಕೆ ಕಟ್ಟಿದ ಚಿಕ್ಕದು ಯುಎಚ್‌ಎಫ್ ಆಂಟೆನಾ. ಅದರ ಮುಖ ತ್ಸುರುಮಿ ವಾರ್ಡಿನ ಮಿತ್ಸುಇಕೆ ಉದ್ಯಾನದ ಬಳಿಯ ಪ್ರಸಾರ ಗೋಪುರದತ್ತ. ಅದನ್ನು ಹಾಕಿಸಿಕೊಂಡವರಿಗೆ 42ನೇ ಚಾನೆಲ್ ಸಿಗುತ್ತಿತ್ತು: ಟಿವಿ ಕಾನಾಗಾವಾ, ಜನರ ಬಾಯಲ್ಲಿ ಟಿವಿಕೆ. ತಮ್ಮ ಊರಿನ ಮಾತು ಕೇಳಲು ಮನೆಯವರು ಕೈಯಿಂದ ಹಣ ಹಾಕಿ ಇನ್ನೊಂದು ಆಂಟೆನಾ ಏರಿಸಬೇಕಿತ್ತು.

ಈ ಸಂಚಿಕೆಗೆ ‘ಸೀಮೆಗಳ ಕಾಲ’ ದೃಶ್ಯೋತ್ಸವದ ಚರಿತ್ರೆ ಬರೆದುಕೊಡಿ ಎಂದು ಕೇಳಿದಾಗ ನನ್ನ ಕಣ್ಣಮುಂದೆ ಬಂದದ್ದು ಆ ಚಿಕ್ಕ ಆಂಟೆನಾ. ಆಯಾ ನೆಲದ ಟಿವಿ ಕೆಲಸವನ್ನು ಗುರುತಿಸಿ ಪ್ರಶಸ್ತಿ ಕೊಡುವ ಈ ಉತ್ಸವ 1980ರಲ್ಲಿ ಕಾನಾಗಾವಾ ಪ್ರಾಂತದಲ್ಲಿ ಶುರುವಾಯಿತು. ಅದರ ಬೀಜ ಬಿದ್ದದ್ದು ಯೋಕೋಹಾಮಾದಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ಜಪಾನಿಯಲ್ಲಿ ಇದು ‘ಚಿಹೋ ನೋ ಜಿದಾಯ್’ ಏಜೋಸಾಯ್. ‘ಚಿ’ ಎಂದರೆ ನೆಲ. ‘ಹೋ’ ಎಂದರೆ ಕಡೆ, ದಿಕ್ಕು. ‘ನಮ್ಮ ಕಡೆ ಮಳೆ ಹಿಡಿಯಿತು, ನಿಮ್ಮ ಕಡೆ ಹೇಗೆ?’ ಎಂದು ನಾವು ಕೇಳುವಾಗಿನ ಕಡೆ. ರಾಜಧಾನಿಯಲ್ಲಿ ಕೂತವರು ‘ಚಿಹೋ’ ಎಂದಾಗ ಅದರಲ್ಲಿ ‘ತೋಕ್ಯೋ ಬಿಟ್ಟು ಉಳಿದದ್ದು’ ಎಂಬ ಧ್ವನಿ ಇರುತ್ತದೆ. ಊರಿನವರೇ ಅದನ್ನು ನುಡಿದಾಗ ಮಣ್ಣಿನ ವಾಸನೆ ಬರುತ್ತದೆ. ‘ಸ್ಥಳೀಯ’ ಎನ್ನುವ ಕಚೇರಿಯ ಮಾತು ಇದಕ್ಕೆ ಸಾಲದೆನಿಸಿತು. ಬಯಲುಸೀಮೆ ಎನ್ನುವಾಗಿನ ‘ಸೀಮೆ’ಯನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ.

1953–1977: ಒಂದೇ ಗೋಪುರದ ನೆರಳು

ಯೋಕೋಹಾಮಾ ಸುದ್ದಿಗೆ ಹೊಸ ಊರಲ್ಲ. 1859ರಲ್ಲಿ ಬಂದರು ತೆರೆದ ಮೇಲೆ ಹಡಗಿನೊಂದಿಗೆ ಸುದ್ದಿಯೂ ಇಲ್ಲಿಯೇ ಇಳಿಯಿತು. ಜಪಾನಿ ಭಾಷೆಯ ಮೊದಲ ದಿನಪತ್ರಿಕೆ ‘ಯೋಕೋಹಾಮಾ ಮಾಯ್‌ನಿಚಿ’ ಹೊರಟದ್ದು 1871ರ ಜನವರಿಯಲ್ಲಿ, ಈ ಊರಿನಿಂದ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದೂ ಒಂದು ಬಂದರಿನ ಊರಿನಿಂದಲೇ. ಹೊರಗಿನ ಜಗತ್ತು ಮನೆಬಾಗಿಲಿಗೆ ಬಂದು ನಿಂತ ಊರಿಗೆ ತನ್ನ ಮಾತನ್ನೂ ಹೇಳಿಕೊಳ್ಳುವ ಅವಸರ ಹುಟ್ಟುತ್ತದೆಯೋ ಏನೋ.

ಟಿವಿಯ ಕಾಲಕ್ಕೆ ಮಾತ್ರ ಈ ಊರು ಹಿಂದೆ ಬಿತ್ತು. 1953ರ ಫೆಬ್ರುವರಿಯಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ, ಆಗಸ್ಟಿನಲ್ಲಿ ಖಾಸಗಿ ನಿಪ್ಪೋನ್ ಟಿವಿ ತೋಕ್ಯೋದಿಂದ ಪ್ರಸಾರ ತೊಡಗಿದವು. 1957ರ ಅಕ್ಟೋಬರಿನಲ್ಲಿ, 39 ವರ್ಷದ ಅಂಚೆ ಸಚಿವ ತಾನಾಕಾ ಕಾಕುಎಯ್ ಒಂದೇ ಏಟಿಗೆ 43 ನಿಲಯಗಳಿಗೆ ಪೂರ್ವಾನುಮತಿ ಕೊಟ್ಟರು. ದೇಶದ ಉದ್ದಗಲಕ್ಕೂ ಪ್ರಾಂತಕ್ಕೊಂದರಂತೆ ಖಾಸಗಿ ನಿಲಯಗಳು ಮೇಲೆದ್ದ ಬಗೆ ಇದು. ಸಪ್ಪೋರೋ, ಸೆಂದಾಯ್, ಹಿರೋಶಿಮಾ, ಫುಕುಓಕಾ ತಮ್ಮ ತಮ್ಮ ನಿಲಯ ಪಡೆದವು. ಆದರೆ ಅಷ್ಟೂ ಹೊತ್ತು ತುಂಬುವಷ್ಟು ಕಾರ್ಯಕ್ರಮ ತಯಾರಿಸುವ ಹಣ ಅವುಗಳ ಬಳಿ ಇರಲಿಲ್ಲ. 1959ರಲ್ಲಿ ಜೆಎನ್‌ಎನ್ ಎಂಬ ಮೊದಲ ಸುದ್ದಿ ಜಾಲ ಕಟ್ಟಿಕೊಂಡಿತು, ಆಮೇಲೆ ಉಳಿದ ಜಾಲಗಳು. ತೋಕ್ಯೋದ ತಾಯಿ ನಿಲಯ ಕಳಿಸಿದ್ದನ್ನು ಊರಿನ ನಿಲಯ ಹಾಗೇ ದಾಟಿಸುವುದು, ನಡುವೆ ಸಿಕ್ಕ ಸಂದಿಯಲ್ಲಿ ತನ್ನದನ್ನು ತೂರಿಸುವುದು, ಇದೇ ದಿನಚರಿಯಾಯಿತು.

ಕಾನಾಗಾವಾದ ಕಷ್ಟ ಬೇರೆ ಬಗೆಯದು. ತೋಕ್ಯೋದ ಅಲೆಗಳು ಇಲ್ಲಿಗೆ ನೇರವಾಗಿ ತಲುಪುತ್ತಿದ್ದುದರಿಂದ ಪ್ರತ್ಯೇಕ ನಿಲಯ ಏಕೆ ಎಂಬ ಪ್ರಶ್ನೆಯೇ ಏಳಲಿಲ್ಲ. 1970ರ ಜನಗಣತಿಯಲ್ಲಿ ಈ ಪ್ರಾಂತದ ಜನಸಂಖ್ಯೆ 54 ಲಕ್ಷ ದಾಟಿತ್ತು, ಯೋಕೋಹಾಮಾ ಒಂದರಲ್ಲೇ 22 ಲಕ್ಷ. ಅಷ್ಟು ಜನಕ್ಕೆ ತಮ್ಮ ಪ್ರಾಂತದ ವಿಧಾನಸಭೆಯಲ್ಲಿ ಏನು ನಡೆಯಿತು, ತಮ್ಮ ಶಾಲೆಯ ಹುಡುಗರು ಬೇಸ್‌ಬಾಲಿನಲ್ಲಿ ಗೆದ್ದರೋ ಸೋತರೋ ಎಂದು ತೋರಿಸುವ ಪರದೆ ಇರಲಿಲ್ಲ. ರಾಜಧಾನಿಗೆ ಹತ್ತಿರವಿದ್ದದ್ದೇ ಅದಕ್ಕೆ ಕಾರಣ. ಬೆಂಗಳೂರಿನ ಸುತ್ತಣ ತಾಲ್ಲೂಕುಗಳವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಯುಎಚ್‌ಎಫ್ ಅಲೆಗಳನ್ನು ತೆರೆದ ಮೇಲೆ ದಾರಿಯಾಯಿತು. 1971ರ ಏಪ್ರಿಲಿನಲ್ಲಿ ಟಿವಿಕೆ ಕಂಪನಿ ಸ್ಥಾಪನೆಯಾಗಿ, 1972ರ ಏಪ್ರಿಲ್ 1ರಂದು ಪ್ರಸಾರ ಶುರುವಾಯಿತು. ಯಾವ ಜಾಲಕ್ಕೂ ಸೇರದ ಸ್ವತಂತ್ರ ನಿಲಯ. ತಾಯಿ ನಿಲಯದಿಂದ ಬರುವ ಊಟವಿಲ್ಲ, ಅಡುಗೆ ತಾನೇ ಮಾಡಿಕೊಳ್ಳಬೇಕು. ರಾಕ್ ಸಂಗೀತದ ಹುಡುಗರನ್ನು ಕರೆದು ಹಾಡಿಸಿದರು. ಹೈಸ್ಕೂಲು ಬೇಸ್‌ಬಾಲಿನ ಪ್ರಾಂತ ಪಂದ್ಯಗಳನ್ನು ತೋರಿಸಿದರು. 1978ರಲ್ಲಿ ಯೋಕೋಹಾಮಾ ಸ್ಟೇಡಿಯಂ ತೆರೆದು ತಾಯ್‌ಯೋ ವೇಲ್ಸ್ ತಂಡ ಕಾವಾಸಾಕಿಯಿಂದ ಇಲ್ಲಿಗೆ ಬಂದಾಗ ಊರಿನ ತಂಡದ ಆಟ ಊರಿನ ಪರದೆಗೇ ಸಿಕ್ಕಿತು.

ಆ ಹೊತ್ತಿಗೆ ಟಿವಿ ಪ್ರಶಸ್ತಿಗಳಿಗೆ ಬರವೇನೂ ಇರಲಿಲ್ಲ. ಖಾಸಗಿ ಪ್ರಸಾರಕರ ಒಕ್ಕೂಟವು 1953ರಿಂದಲೇ ತನ್ನ ಪ್ರಶಸ್ತಿ ಕೊಡುತ್ತ ಬಂದಿತ್ತು. ಅದರಲ್ಲಿ ಒಂದು ಜಾಣ ಏರ್ಪಾಡು ರೂಪುಗೊಂಡಿದೆ. ದೇಶವನ್ನು ಏಳು ವಲಯ ಮಾಡಿ, ಮೊದಲು ವಲಯದೊಳಗೇ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ಕೇಂದ್ರದ ತೀರ್ಪಿಗೆ ಕಳಿಸುತ್ತಾರೆ. ತೋಕ್ಯೋ ಒಂದೇ ಒಂದು ವಲಯ. ಕಾನಾಗಾವಾ ಸೇರುವುದು ಕಾಂತೋ, ಕೋಶಿನ್‌ಎತ್ಸು, ಶಿಜುಓಕಾಗಳ ವಲಯಕ್ಕೆ. ದೊಡ್ಡಣ್ಣನೊಂದಿಗೆ ಮೊದಲ ಸುತ್ತಿನಲ್ಲೇ ಕುಸ್ತಿ ಬೇಡ ಎಂಬ ನ್ಯಾಯ ಇದರಲ್ಲಿದೆ. 1963ರಲ್ಲಿ ಪ್ರಸಾರ ವಿಮರ್ಶಕರ ಬಳಗ ಕಟ್ಟಿದ ಗ್ಯಾಲಕ್ಸಿ ಪ್ರಶಸ್ತಿಯೂ ಇತ್ತು. ಅಲ್ಲಿ ಎನ್‌ಎಚ್‌ಕೆ, ಖಾಸಗಿ ಎಂಬ ಭೇದವಿಲ್ಲದೆ ಒಳ್ಳೆಯದನ್ನು ಆರಿಸುತ್ತಿದ್ದರು. ಆದರೆ ಈ ಕೆಲಸ ಯಾವ ನೆಲದಿಂದ ಎದ್ದಿತು, ಆ ನೆಲಕ್ಕೆ ಏನು ಕೊಟ್ಟಿತು ಎಂಬುದನ್ನೇ ಅಳತೆಗೋಲಾಗಿ ಹಿಡಿದ ಪ್ರಶಸ್ತಿ ಇನ್ನೂ ಬರಬೇಕಿತ್ತು.

1978–1979: ಯೋಕೋಹಾಮಾದಲ್ಲಿ ಆಡಿದ ಮಾತು

ನಾಗಾಸು ಕಾಜುಜಿ ಯೋಕೋಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1975ರಲ್ಲಿ ಕಾನಾಗಾವಾದ ಗವರ್ನರ್ ಆಗಿ ಆರಿಸಿ ಬಂದರು. ಜಪಾನಿನಲ್ಲಿ ಗವರ್ನರ್ ಎಂದರೆ ಜನರೇ ನೇರವಾಗಿ ಮತ ಹಾಕಿ ಆರಿಸುವ ಪ್ರಾಂತದ ಮುಖ್ಯಸ್ಥ. ನಮ್ಮ ರಾಜ್ಯಪಾಲರಂತೆ ಕೇಂದ್ರ ಕಳಿಸಿದವರಲ್ಲ. ಹೊಗೆಯುಗುಳುವ ಕಾರ್ಖಾನೆಗಳ ಸಾಲು, ರಾತ್ರೋರಾತ್ರಿ ಬೆಳೆದ ವಸತಿ ಬಡಾವಣೆಗಳು, ಸಾಲದ ಶಾಲೆಗಳು, ಪರಸ್ಪರ ಪರಿಚಯವಿಲ್ಲದ ನೆರೆಹೊರೆ, ಇವೆಲ್ಲ ಅವರ ಮುಂದೆ ಇದ್ದವು. ಇವುಗಳಿಗೆ ತೋಕ್ಯೋದ ಸಚಿವಾಲಯಗಳಲ್ಲಿ ಮದ್ದಿಲ್ಲ, ತೊಂದರೆ ಉಂಟಾದ ಕಡೆಯಲ್ಲೇ ಅದನ್ನು ಹುಡುಕಬೇಕು ಎಂದು ಅವರು ನಂಬಿದ್ದರು.

1978ರ ಜುಲೈಯಲ್ಲಿ ಯೋಕೋಹಾಮಾದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ತೋಕ್ಯೋ, ಸೈತಾಮಾ, ಕಾನಾಗಾವಾ ಪ್ರಾಂತಗಳೂ ಯೋಕೋಹಾಮಾ, ಕಾವಾಸಾಕಿ ನಗರಗಳೂ ಕೂಡಿ ಕಟ್ಟಿಕೊಂಡಿದ್ದ ಅಧ್ಯಯನ ಮಂಡಲಿ ಅದರ ಹಿಂದೆ ಇತ್ತು. ಅಲ್ಲಿ ನಾಗಾಸು ಮುಂದಿಟ್ಟ ಮಾತು ‘ಚಿಹೋ ನೋ ಜಿದಾಯ್’. ಸೀಮೆಗಳ ಕಾಲ ಬಂದಿದೆ, ಎಂದು.

ಮಾತು ಬೇಗ ಹರಡಿತು. 1979ರ ಸ್ಥಳೀಯ ಚುನಾವಣೆಗಳಲ್ಲಿ ಎಡದವರೂ ಬಲದವರೂ ಅದನ್ನು ಬಳಸಿದರು. ಅದೇ ವರ್ಷ ಓಇತಾದ ಗವರ್ನರ್ ಹಿರಾಮಾತ್ಸು ಮೋರಿಹಿಕೋ ‘ಊರಿಗೊಂದು ಉತ್ಪನ್ನ’ ಚಳವಳಿ ಶುರುಮಾಡಿದರು. ಪ್ರಧಾನಿ ಓಹಿರಾ ಮಾಸಾಯೋಶಿ ಕೂಡ ತೋಟನಗರಗಳ ದೇಶ ಎಂಬ ಕನಸನ್ನು ಹೇಳುತ್ತಿದ್ದರು. ಎಲ್ಲರ ಬಾಯಿಗೂ ಬಂದ ಘೋಷಣೆ ಸಾಮಾನ್ಯವಾಗಿ ಬೇಗ ಸವೆಯುತ್ತದೆ. ಇದು ಸವೆಯದೆ ಉಳಿಯಲು ಅದರ ಬೆನ್ನಿಗೇ ಬಂದ ಎರಡು ಕೆಲಸಗಳು ಕಾರಣ ಎಂದು ನನ್ನ ಎಣಿಕೆ. ಒಂದು, 1982ರ ಅಕ್ಟೋಬರಿನಲ್ಲಿ ಕಾನಾಗಾವಾ ಅಂಗೀಕರಿಸಿದ ಮಾಹಿತಿ ಬಹಿರಂಗ ಕಟ್ಟಳೆ. ಪ್ರಾಂತಗಳಲ್ಲಿ ಅದೇ ಮೊದಲನೆಯದು, ನಮ್ಮ ಮಾಹಿತಿ ಹಕ್ಕಿನ ಕಾಯ್ದೆಗಿಂತ 23 ವರ್ಷ ಮೊದಲು. ಇನ್ನೊಂದು, ಈ ಉತ್ಸವ. ಕಚೇರಿಯ ಕಡತವನ್ನು ಜನರ ಮುಂದೆ ತೆರೆಯುವುದು, ಜನರ ಬದುಕನ್ನು ಜನರ ಮುಂದೆ ತೋರಿಸುವುದು. ಒಂದೇ ಯೋಚನೆಯ ಎರಡು ಕೈಗಳು ಇವು.

1980–1994: ಕಾವಾಸಾಕಿಯ ವರ್ಷಗಳು

ಯೋಕೋಹಾಮಾದಲ್ಲಿ ಹುಟ್ಟಿದ ಮಾತಿಗೆ ಪಕ್ಕದ ಕಾವಾಸಾಕಿ ಮನೆ ಕೊಟ್ಟಿತು. ಉಕ್ಕು, ತೈಲ, ರಾಸಾಯನಿಕಗಳ ಊರು. ಆಸ್ತಮಾ ಪೀಡಿತ ನಿವಾಸಿಗಳು 1982ರಲ್ಲಿ ಕಾರ್ಖಾನೆಗಳ ಮೇಲೆ ನ್ಯಾಯಾಲಯಕ್ಕೆ ಹೋದದ್ದೂ ಇಲ್ಲಿಯೇ. ದೇಶದ ಏಳಿಗೆಗೆ ತನ್ನ ಉಸಿರು ತೆತ್ತ ಊರಿನಲ್ಲಿ ಸೀಮೆಗಳ ಉತ್ಸವ ನಡೆದದ್ದು ಸರಿಯಾದ ಜಾಗದಲ್ಲೇ ನಡೆದಂತೆ.

ಒಂದೇ ವೇದಿಕೆಯ ಮೇಲೆ ಎನ್‌ಎಚ್‌ಕೆಯ ಪ್ರಾಂತ ನಿಲಯಗಳೂ ಖಾಸಗಿ ನಿಲಯಗಳೂ ಕೂತವು. ಹೊರಗಿನಿಂದ ನೋಡುವವರಿಗೆ ಇದು ದೊಡ್ಡ ಸಂಗತಿ ಎನಿಸಲಿಕ್ಕಿಲ್ಲ. ಆದರೆ ಒಂದು ಕಡೆ ವೀಕ್ಷಕರ ಶುಲ್ಕದಿಂದ ನಡೆಯುವ ದೊಡ್ಡ ಮನೆ, ಇನ್ನೊಂದು ಕಡೆ ಜಾಹೀರಾತಿನಿಂದ ಬದುಕುವ ನೂರು ಚಿಕ್ಕ ಮನೆಗಳು. ಒಬ್ಬರ ಕಾರ್ಯಕ್ರಮವನ್ನು ಇನ್ನೊಬ್ಬರು ಕೂತು ನೋಡುವ ಸಂದರ್ಭಗಳು ಕಡಿಮೆಯಿದ್ದ ಕಾಲ ಅದು. ಹಿರೋಶಿಮಾದವರಿಗೆ ನಾಗಾಸಾಕಿಯವರು ಏನು ಮಾಡುತ್ತಿದ್ದಾರೆಂದು ಗೊತ್ತಾಗಬೇಕಾದರೂ ತೋಕ್ಯೋ ಅದನ್ನು ಎತ್ತಿಕೊಂಡು ತೋರಿಸಬೇಕಿತ್ತು.

ಹೊತ್ತಿನ ವಿಷಯವೂ ಇತ್ತು. ನಿಪ್ಪೋನ್ ಟಿವಿ ಜಾಲದ ‘ಎನ್‌ಎನ್‌ಎನ್ ಡಾಕ್ಯುಮೆಂಟ್’ 1970ರ ಜನವರಿಯಲ್ಲಿ ಶುರುವಾಗಿತ್ತು. ಒಸಾಕಾದ ಮಾಯ್‌ನಿಚಿ ಪ್ರಸಾರ ಸಂಸ್ಥೆಯ ‘ಏಜೋ’ ಸರಣಿ 1980ರ ಏಪ್ರಿಲಿನಲ್ಲಿ ಆರಂಭವಾಯಿತು, ಈ ಉತ್ಸವ ಹುಟ್ಟಿದ ವರ್ಷದಲ್ಲೇ. ಊರಿನ ನಿಲಯಗಳ ಗಟ್ಟಿ ಸಾಕ್ಷ್ಯಚಿತ್ರಗಳಿಗೆ ಆಶ್ರಯ ಕೊಟ್ಟ ಇಂಥ ಸರಣಿಗಳು ಬಂದು ನಿಂತದ್ದು ಭಾನುವಾರ ರಾತ್ರಿ ಊರೆಲ್ಲ ಮಲಗುವ ಹೊತ್ತಿಗೆ. ಎರಡು ವರ್ಷ ಊರೂರು ಅಲೆದು ಮಾಡಿದ ಚಿತ್ರವನ್ನು ಮರುದಿನ ಕೆಲಸಕ್ಕೆ ಹೋಗುವ ಯಾರು ಎದ್ದು ಕೂತು ನೋಡುತ್ತಾರೆ? ಪ್ರಶಸ್ತಿ ಬಂದರೆ ಮಾತು ಬೇರೆ. ನಿಲಯದ ಆಡಳಿತ ಮರುಪ್ರಸಾರಕ್ಕೆ ಒಪ್ಪುತ್ತದೆ, ಮುಂದಿನ ಚಿತ್ರಕ್ಕೆ ಹಣ ಕೇಳುವಾಗ ನಿರ್ಮಾಪಕರ ದನಿ ಗಟ್ಟಿಯಾಗುತ್ತದೆ. ಪ್ರಶಸ್ತಿ ಫಲಕಕ್ಕಿಂತ ಆ ಎರಡನೆಯ ಪ್ರಸಾರವೇ ದೊಡ್ಡ ಬಹುಮಾನ ಎಂದು ನಾನು ತಿಳಿದಿದ್ದೇನೆ.

ಊರಿನ ನಿಲಯಗಳಲ್ಲಿ ಎಂಥ ಕೆಲಸ ಅಡಗಿತ್ತು ಎಂಬುದಕ್ಕೆ ಉತ್ಸವಕ್ಕೂ ಮುಂಚಿನ ಎರಡು ಚಿತ್ರಗಳನ್ನು ನೆನೆಯಬೇಕು. ಯಾಮಾಗುಚಿ ಪ್ರಸಾರ ಸಂಸ್ಥೆಯ ಇಸೋನೋ ಯಾಸುಕೋ 1979ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿ, ಬುದ್ಧಿ ಬೆಳೆಯದೆ ಹುಟ್ಟಿದ ಮಗಳ ಮತ್ತು ಅವಳ ಮನೆಯವರ ಬದುಕು ಅದು. ಆ ವರ್ಷದ ರಾಷ್ಟ್ರೀಯ ಕಲಾ ಉತ್ಸವದ ಹಿರಿಯ ಬಹುಮಾನ ಅದಕ್ಕೆ ಬಂತು. ಫುಕುಓಕಾದ ಆರ್‌ಕೆಬಿ ನಿಲಯದ ಕಿಮುರಾ ಹಿದೆಫುಮಿ 1976ರಲ್ಲಿ ಅಂಗವೈಕಲ್ಯವಿದ್ದ ತಮ್ಮ ಮಗಳನ್ನೇ ಕ್ಯಾಮೆರಾ ಮುಂದೆ ತಂದರು. ಮಗುವನ್ನು ಮನೆಯೊಳಗೇ ಮುಚ್ಚಿಡುತ್ತಿದ್ದ ಕಾಲದಲ್ಲಿ ಒಬ್ಬ ತಂದೆ, ಒಬ್ಬ ಟಿವಿ ನಿರ್ದೇಶಕ, ಊರಿನ ಎದುರು ಹಾಗೆ ಬಂದು ನಿಂತರು. ಇಂಥ ಚಿತ್ರಕ್ಕೆ ವರ್ಷಗಟ್ಟಲೆ ಒಂದೇ ಮನೆಯ ಬಾಗಿಲಿಗೆ ಹೋಗಿಬರುವ ಸಲಿಗೆ ಬೇಕು. ಅದು ಊರಿನಲ್ಲಿ ಇರುವವರಿಗೆ ಸಿಗುತ್ತದೆ. ರೈಲಿನಲ್ಲಿ ಬಂದು ಸಂಜೆ ಹಿಂದಿರುಗುವವರಿಗೆ ಸಿಗುವುದು ಕಷ್ಟ.

ಉತ್ಸವದ ಬೆನ್ನೆಲುಬಾಗಿ ದುಡಿದವರಲ್ಲಿ ಮುರಾಕಿ ಯೋಶಿಹಿಕೋ ಅವರ ಹೆಸರನ್ನು ಗೌರವದಿಂದ ಹೇಳಬೇಕು. ಅವರು ತೋಕ್ಯೋದ ಟಿಬಿಎಸ್ ಬಿಟ್ಟು, 1970ರಲ್ಲಿ ಹಾಗಿಮೋತೋ ಹಾರುಹಿಕೋ, ಕೊನ್ನೋ ತ್ಸುತೋಮು ಮುಂತಾದವರೊಡನೆ ಟಿವಿ ಮ್ಯಾನ್ ಯೂನಿಯನ್ ಕಟ್ಟಿದವರು. ಜಪಾನಿನ ಮೊದಲ ಸ್ವತಂತ್ರ ಟಿವಿ ನಿರ್ಮಾಣ ಸಂಸ್ಥೆ ಅದು. ಮುಂದೆ ಕೋರೆಏದಾ ಹಿರೋಕಾಜುನಂಥ ನಿರ್ದೇಶಕರು ಪಳಗಿದ ಗರಡಿ. ರಾಜಧಾನಿಯ ದೊಡ್ಡ ನಿಲಯದ ಒಳಗನ್ನು ಕಂಡು ಹೊರಬಂದ ಮನುಷ್ಯ ಸೀಮೆಗಳ ಉತ್ಸವದ ಪ್ರೊಡ್ಯೂಸರ್ ಆದದ್ದರಲ್ಲಿ ಒಂದು ಔಚಿತ್ಯವಿದೆ. ಟಿವಿ ಎಂದರೆ ಈ ಕ್ಷಣದಲ್ಲಿ, ಈ ಜಾಗದಲ್ಲಿ ನಡೆಯುತ್ತಿರುವುದು ಎಂದು ಅವರೂ ಗೆಳೆಯರೂ 1960ರ ದಶಕದಲ್ಲೇ ವಾದಿಸಿದ್ದರು. ಈ ಜಾಗ ಎಂಬ ಮಾತನ್ನು ಅವರು ಕೊನೆತನಕ ಬಿಡಲಿಲ್ಲ.

ಸರ್ಕಾರವೊಂದು ಪತ್ರಕರ್ತರಿಗೆ ಪ್ರಶಸ್ತಿ ಕೊಡುವುದು ಸರಿಯೇ ಎಂಬ ಪ್ರಶ್ನೆ ಯಾರಿಗಾದರೂ ಬರಬೇಕಾದದ್ದೇ. ಪ್ರಾಂತದ ಹಣದಿಂದ ನಡೆಯುವ ಉತ್ಸವದಲ್ಲಿ ಪ್ರಾಂತವನ್ನೇ ಪ್ರಶ್ನಿಸುವ ಚಿತ್ರ ಗೆಲ್ಲಬಹುದೇ? ಈ ತೊಡಕಿಗೆ ಉತ್ಸವ ಕಂಡುಕೊಂಡ ದಾರಿ, ಹೊಣೆಯನ್ನು ಒಬ್ಬರ ಕೈಯಲ್ಲಿ ಇಡದಿರುವುದು. ಸ್ಥಳೀಯ ಸರ್ಕಾರ, ಎನ್‌ಎಚ್‌ಕೆ, ಖಾಸಗಿ ಪ್ರಸಾರಕರು, ಮುಂದೆ ಕೇಬಲ್ ಟಿವಿಯವರು, ವಿಶ್ವವಿದ್ಯಾಲಯ, ಎಲ್ಲರೂ ಜೊತೆಯಾಗಿ ಚಪ್ಪರ ಎತ್ತಿದರು. ಒಂದು ಕಂಬ ಸರಿದರೂ ಚಪ್ಪರ ಬೀಳಲಿಲ್ಲ. ಅದು ಪರೀಕ್ಷೆಗೆ ಒಡ್ಡಿಕೊಳ್ಳುವ ದಿನವೂ ಬಂತು.

1995–2006: ಮನೆ ಬದಲಾಯಿಸಿದ ವರ್ಷಗಳು

ಐದು ಅವಧಿ ಪೂರೈಸಿ ನಾಗಾಸು 1995ರಲ್ಲಿ ಗವರ್ನರ್ ಹುದ್ದೆಯಿಂದ ಇಳಿದರು. 1999ರಲ್ಲಿ ತೀರಿಕೊಂಡರು. ಬೆಲೆಗಳ ಗುಳ್ಳೆ ಒಡೆದ ಮೇಲೆ ಪ್ರಾಂತಗಳ ಬೊಕ್ಕಸ ಒಣಗುತ್ತಿತ್ತು. ಕಾನಾಗಾವಾ 1998ರ ಸುಮಾರಿಗೆ ಕಡು ಮುಗ್ಗಟ್ಟಿಗೆ ಸಿಕ್ಕಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಉತ್ಸವ ಕಾವಾಸಾಕಿ ಬಿಟ್ಟು ಸೈತಾಮಾ ಪ್ರಾಂತದ ಕಾವಾಗೋಏಗೆ, ಅಲ್ಲಿನ ತೋಕ್ಯೋ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯದ ಆಸರೆಗೆ ಹೋಯಿತು. ಇದರ ಹೊಣೆಯನ್ನು ಯಾರ ಮೇಲಾದರೂ ಹೊರಿಸುವುದು ನ್ಯಾಯವಲ್ಲ. ಸ್ಥಳೀಯ ಸರ್ಕಾರಗಳಿಗೆಲ್ಲ ಕೈ ಬಿಗಿಯಾಗಿದ್ದ ಕಾಲ. ಆಸ್ಪತ್ರೆ, ಶಾಲೆಗಳ ಲೆಕ್ಕದ ಮುಂದೆ ಉತ್ಸವದ ಲೆಕ್ಕ ನಿಲ್ಲುವುದು ಕಷ್ಟ. ಹಳೆಯ ಗೆಳೆಯರಿಗೆ ಬೇಸರವಾಗಿರಬಹುದು. ಆದರೂ ಉತ್ಸವ ಉಳಿಯಿತು. ಕಾವಾಗೋಏ ಹಳೆಯ ಉಗ್ರಾಣದ ಮನೆಗಳನ್ನು ಕಾಪಾಡಿಕೊಂಡು ಬಂದ ಊರು. ಅಲ್ಲಿ ಕಳೆದ ಕೆಲವು ವರ್ಷಗಳು ಉತ್ಸವವನ್ನು ಸರ್ಕಾರದ ಅಂಗಳದಿಂದ ವಿಶ್ವವಿದ್ಯಾಲಯದ ಅಂಗಳಕ್ಕೆ ದಾಟಿಸಿದ ಸೇತುವೆಯಾದವು.

ಹೆಸರಿನ ಕನಸು ಕಾನೂನಾಗಿ ಕೈಗೂಡಿದ್ದೂ ಈ ವರ್ಷಗಳಲ್ಲಿಯೇ. ಅಧಿಕಾರ ವಿಕೇಂದ್ರೀಕರಣದ ಕಾಯ್ದೆ 1999ರಲ್ಲಿ ಅಂಗೀಕಾರವಾಗಿ 2000ರ ಏಪ್ರಿಲಿನಿಂದ ಜಾರಿಗೆ ಬಂತು. ಆದರೆ ಅದರ ಬೆನ್ನಿಗೇ ಊರುಗಳ ವಿಲೀನದ ಅಲೆ ಎದ್ದಿತು. 1999ರ ಮಾರ್ಚಿನಲ್ಲಿ 3,232 ಇದ್ದ ನಗರ, ಪಟ್ಟಣ, ಗ್ರಾಮ ಆಡಳಿತಗಳು 2010ರ ಮಾರ್ಚಿಗೆ 1,727ಕ್ಕೆ ಇಳಿದವು. ಹನ್ನೊಂದು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಊರುಗಳು ಸ್ವಂತ ಆಡಳಿತ ಕಳೆದುಕೊಂಡವು. ಶಾಲೆ ಮುಚ್ಚಿತು, ಬಸ್ಸು ನಿಂತಿತು, ಊರಿನ ಹೆಸರು ಅಂಚೆ ವಿಳಾಸದ ಬಾಲವಾಯಿತು. ಇದನ್ನೆಲ್ಲ ಅಂಗುಲ ಅಂಗುಲವಾಗಿ ದಾಖಲಿಸಬಲ್ಲವರು ಆ ಪ್ರಾಂತದ ಟಿವಿಯವರೇ. ಸೀಮೆಗಳ ಕಾಲ ಎಂಬ ಹೆಸರಿನಡಿ ಸೀಮೆಗಳು ಕರಗುವುದನ್ನು ತೋರಿಸಬೇಕಾದ ಹೊಣೆ ಅವರ ಮೇಲೆ ಬಿತ್ತು.

2007ರಿಂದ: ಸೆನ್ರಿಯಾಮಾದ ಗುಡ್ಡ

2007ರಲ್ಲಿ ಉತ್ಸವ ಒಸಾಕಾ ಪ್ರಾಂತದ ಸುಯಿತಾ ನಗರಕ್ಕೆ, ಕಾನ್ಸಾಯ್ ವಿಶ್ವವಿದ್ಯಾಲಯದ ಸೆನ್ರಿಯಾಮಾ ಆವರಣಕ್ಕೆ ಬಂದಿತು. 1970ರ ವಿಶ್ವ ಮೇಳ ನಡೆದ ಊರು ಸುಯಿತಾ. ವಿಶ್ವವಿದ್ಯಾಲಯ 1886ರಲ್ಲಿ ಕಾನೂನು ಶಾಲೆಯಾಗಿ ಹುಟ್ಟಿದ್ದು. ಗುಡ್ಡದ ಇಳಿಜಾರಿನ ಅದರ ಆವರಣದಲ್ಲಿ ವಾಸ್ತುಶಿಲ್ಪಿ ಮುರಾನೋ ತೋಗೋ ಯುದ್ಧಾನಂತರ ಮೂರು ದಶಕಗಳ ಕಾಲ ಒಂದಾದ ಮೇಲೊಂದು ಕಟ್ಟಡ ಕಟ್ಟಿದರು. ಒಂದೊಂದೂ ಗುಡ್ಡದ ಏರಿಳಿತ ನೋಡಿ ಬೇರೆ ಬೇರೆ ರೂಪ ತಾಳಿದೆ. ಜಾಗ ನೋಡಿ ಕಟ್ಟುವ ಆ ಬಗೆ ಉತ್ಸವದ ಮನೋಧರ್ಮಕ್ಕೂ ಹೊಂದುತ್ತದೆ.

ಮುರಾಕಿ ಯೋಶಿಹಿಕೋ 2008ರ ಜನವರಿಯಲ್ಲಿ ತೀರಿಕೊಂಡರು. ಹೊಸ ಮನೆ ಸಿಕ್ಕ ಹೊತ್ತಿಗೇ ಹಿರಿಯರನ್ನು ಕಳೆದುಕೊಂಡದ್ದು ದೊಡ್ಡ ಪೆಟ್ಟು. ಅವರ ನಂತರ ಹೊಣೆ ಹೊತ್ತವರು ಉತ್ಸವವನ್ನು ವಿದ್ಯಾರ್ಥಿಗಳ ನಡುವೆ ಬೇರೂರಿಸಿದರು. ಪ್ರತಿ ವರ್ಷ ನವೆಂಬರಿನಲ್ಲಿ ಪ್ರಶಸ್ತಿ ಪ್ರದಾನದಿಂದ ಆರಂಭವಾಗಿ, ಆಮೇಲಿನ ದಿನಗಳಲ್ಲಿ ಪ್ರದರ್ಶನ, ಸಂವಾದ, ಕಮ್ಮಟಗಳು ನಡೆಯುವ ಕ್ರಮ ನೆಲೆಗೊಂಡಿತು. ಚಿತ್ರ ಮಾಡಿದವರು ನೋಡಿದವರ ಎದುರೇ ಕೂತು ಉತ್ತರ ಹೇಳಬೇಕು.

ಸ್ಪರ್ಧೆ ನಾಲ್ಕು ವಿಭಾಗಗಳಲ್ಲಿ ರೂಪುಗೊಂಡಿದೆ. ಪ್ರಸಾರ ನಿಲಯಗಳದು ಒಂದು. ಕೇಬಲ್ ಟಿವಿಯವರದು ಇನ್ನೊಂದು; 1955ರಲ್ಲಿ ಇಕಾಹೋ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಅಲೆ ತಲುಪದ ಮನೆಗಳಿಗೆ ತಂತಿ ಎಳೆದು ಹುಟ್ಟಿದ ಕೇಬಲ್, 1963ರಲ್ಲಿ ಗುಜೋ ಹಾಚಿಮಾನ್ ಎಂಬ ಗುಡ್ಡದ ಪಟ್ಟಣದಲ್ಲಿ ಊರವರೇ ಕಾರ್ಯಕ್ರಮ ತಯಾರಿಸುವ ಹಂತಕ್ಕೆ ಬಂದಿತ್ತು. ಆ ಪರಂಪರೆಗೆ ಇಲ್ಲಿ ತನ್ನದೇ ಮಣೆ ಸಿಕ್ಕಿತು. ನಾಗರಿಕರು, ವಿದ್ಯಾರ್ಥಿಗಳು, ಸ್ಥಳೀಯ ಆಡಳಿತಗಳು ಕೂಡಿ ಮೂರನೆಯ ವಿಭಾಗ. ನಾಲ್ಕನೆಯದು ಹೈಸ್ಕೂಲು ಮಕ್ಕಳದು. ಐವತ್ತು ವರ್ಷ ಅನುಭವದ ನಿಲಯ ಮತ್ತು ಹದಿನಾರು ವರ್ಷದ ಹುಡುಗಿ ಒಂದೇ ಉತ್ಸವದ ಅತಿಥಿಗಳು.

2011ರ ಮಾರ್ಚ್ 12ರ ಮಧ್ಯಾಹ್ನ 3 ಗಂಟೆ 36 ನಿಮಿಷಕ್ಕೆ ಫುಕುಶಿಮಾ ಅಣುಸ್ಥಾವರದ ಮೊದಲ ಘಟಕ ಸ್ಫೋಟಗೊಂಡಿತು. ಆ ಕ್ಷಣವನ್ನು ಹಿಡಿದದ್ದು ಸುಮಾರು 17 ಕಿಲೋಮೀಟರ್ ದೂರದ ಬೆಟ್ಟದ ಮೇಲೆ ಫುಕುಶಿಮಾ ಸೆಂಟ್ರಲ್ ಟೆಲಿವಿಷನ್ ಎಂಬ ಊರಿನ ನಿಲಯ ಇಟ್ಟಿದ್ದ ಹಳೆಯ ಕ್ಯಾಮೆರಾ. ನಾಲ್ಕು ನಿಮಿಷದಲ್ಲಿ ಅವರು ಅದನ್ನು ಪ್ರಾಂತದ ಜನಕ್ಕೆ ತೋರಿಸಿದರು. ಅದು ಜಾಲದ ಮೂಲಕ ದೇಶಕ್ಕೆಲ್ಲ ತಲುಪಲು ಒಂದು ಗಂಟೆಗೂ ಮೇಲೆ ಹಿಡಿಯಿತು. ದೃಶ್ಯದ ಅರ್ಥವೇನೆಂದು ಪರಿಶೀಲಿಸಿ ತೋರಿಸಬೇಕೆಂಬುದು ರಾಜಧಾನಿಯ ಎಚ್ಚರ, ಅದಕ್ಕೂ ತನ್ನ ಕಾರಣಗಳಿವೆ. ಆದರೆ ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ಇದ್ದವರಿಗೆ ಆ ನಾಲ್ಕು ನಿಮಿಷ ಏನಾಗಿತ್ತೆಂದು ಯೋಚಿಸಿದಾಗ ಊರಿಗೊಂದು ಟಿವಿ ಏಕೆ ಬೇಕು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಅದೇ ವರ್ಷ ಜುಲೈ 24ರಂದು ಅನಲಾಗ್ ಪ್ರಸಾರ ನಿಂತಿತು. ಭೂಕಂಪದ ಪೆಟ್ಟು ತಿಂದ ಇವಾತೆ, ಮಿಯಾಗಿ, ಫುಕುಶಿಮಾಗಳಲ್ಲಿ ಮಾತ್ರ 2012ರ ಮಾರ್ಚ್ 31ರ ತನಕ ಮುಂದುವರಿಯಿತು. ಡಿಜಿಟಲ್ ಯಂತ್ರಗಳ ವೆಚ್ಚ ಚಿಕ್ಕ ನಿಲಯಗಳ ಬೆನ್ನು ಬಗ್ಗಿಸಿತ್ತು. ಆದರೂ ಸಾಕ್ಷ್ಯಚಿತ್ರಗಳು ಸೊರಗಲಿಲ್ಲ. ನಾಗೋಯಾದ ತೋಕಾಯ್ ಟಿವಿ ತನ್ನ ಚಿತ್ರಗಳನ್ನು ಚಿತ್ರಮಂದಿರಗಳಿಗೆ ಒಯ್ದಿತು. ವೃದ್ಧ ವಾಸ್ತುಶಿಲ್ಪಿ ಮತ್ತು ಅವರ ಹೆಂಡತಿಯ ತೋಟದ ಬದುಕನ್ನು ಹೇಳುವ ಅವರ ಚಿತ್ರ 2017ರಲ್ಲಿ ದೇಶದ ಉದ್ದಕ್ಕೂ ಜನರನ್ನು ಸೆಳೆಯಿತು. ಮಾತ್ಸುಯಾಮಾದ ನಾಂಕಾಯ್ ಪ್ರಸಾರ ಸಂಸ್ಥೆಯ ಇತೋ ಹಿದೆಆಕಿ, 1954ರ ಬಿಕಿನಿ ಜಲಜನಕ ಬಾಂಬ್ ಪರೀಕ್ಷೆಯ ವಿಕಿರಣಕ್ಕೆ ಸಿಕ್ಕಿದ ಟ್ಯೂನಾ ದೋಣಿಗಳ ಮೀನುಗಾರರನ್ನು ವರ್ಷಾನುಗಟ್ಟಲೆ ಹುಡುಕಿ ಮಾತಾಡಿಸಿದರು. ಶಿಕೋಕುವಿನ ಮೀನುಗಾರರ ಮನೆಗಳಲ್ಲಿ ಅರ್ಧ ಶತಮಾನ ಬಾಯಿ ಬಿಡದೆ ಉಳಿದಿದ್ದ ನೋವು ಅದು. ಪಕ್ಕದ ಊರಿನ ನಿಲಯದ ಮನುಷ್ಯ ಮತ್ತೆ ಮತ್ತೆ ಬಂದು ಬಾಗಿಲು ತಟ್ಟಿದ ಮೇಲೆ ಅವರು ಮಾತಾಡಿದರು.

ನಮ್ಮ ಕಡೆಯ ಒಂದು ಸಂಗತಿಯನ್ನು ಇಲ್ಲಿ ನೆನೆಯದೆ ಇರಲಾರೆ. ಕರ್ನಾಟಕದ ಹಳ್ಳಿಗಳು ಟಿವಿ ಕಂಡದ್ದು ಉಪಗ್ರಹದ ಸೈಟ್ ಪ್ರಯೋಗದಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ನಮ್ಮಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ದೂರದರ್ಶನ ಕಲಬುರಗಿಗೆ 1977ರಲ್ಲಿ ಬಂತು, ಬೆಂಗಳೂರಿಗೆ 1981ರಲ್ಲಿ. ರಾಜಧಾನಿಗಿಂತ ಮೊದಲು ಸೀಮೆಗೆ ಟಿವಿ ಬಂದ ಅಪರೂಪದ ನಾಡು ನಮ್ಮದು. ಇಂದು ಕನ್ನಡದ ಮನರಂಜನಾ ವಾಹಿನಿಗಳು ತಮ್ಮ ಧಾರಾವಾಹಿಗಳ ಕಲಾವಿದರಿಗೆ ವರ್ಷಕ್ಕೊಮ್ಮೆ ಅದ್ದೂರಿಯಾಗಿ ಪ್ರಶಸ್ತಿ ಕೊಡುತ್ತವೆ. ಮನೆಯವರನ್ನು ಮನೆಯವರು ಹರಸುವ ಆ ಸಂಭ್ರಮ ಇರಲಿ. ಅದರ ಜೊತೆಗೆ ಕಲಬುರಗಿಯವರು ಮಾಡಿದ್ದನ್ನು ಕಾಸರಗೋಡಿನವರೂ ಕೊಡಗಿನವರು ಮಾಡಿದ್ದನ್ನು ಬೀದರಿನವರೂ ಕೂತು ನೋಡಿ ತೂಗುವ ಒಂದು ವೇದಿಕೆ ಕನ್ನಡಕ್ಕೂ ಬೇಕು ಎಂದು ಈ ಉತ್ಸವದ ಚರಿತ್ರೆ ಬರೆಯುತ್ತ ನನಗೆ ಬಲವಾಗಿ ಅನಿಸಿತು.

ಯೋಕೋಹಾಮಾದ ಉಗ್ರಾಣ

ಉತ್ಸವ ಊರು ಬದಲಾಯಿಸಿದರೂ ಯೋಕೋಹಾಮಾದ ನಂಟು ಇನ್ನೊಂದು ದಾರಿಯಿಂದ ಉಳಿದಿದೆ. ಟಿವಿ ಕಾರ್ಯಕ್ರಮ ಗಾಳಿಯಲ್ಲಿ ಹೋಗುವ ವಸ್ತು; ಮೊದಲ ದಶಕಗಳ ಟೇಪುಗಳನ್ನು ದುಬಾರಿ ಎಂದು ಅಳಿಸಿ ಮತ್ತೆ ಬಳಸುತ್ತಿದ್ದರು. ಪ್ರಸಾರ ಕಾನೂನಿಗೆ 1989ರಲ್ಲಿ ತಂದ ತಿದ್ದುಪಡಿಯಿಂದ ಕಾರ್ಯಕ್ರಮಗಳನ್ನು ಸಂಗ್ರಹಿಸಿ ಜನಕ್ಕೆ ತೋರಿಸುವ ಹೊಣೆ 1968ರಲ್ಲಿ ಹುಟ್ಟಿದ್ದ ಪ್ರಸಾರ ಕಾರ್ಯಕ್ರಮ ಕೇಂದ್ರಕ್ಕೆ ಸಿಕ್ಕಿತು. 1991ರಲ್ಲಿ ಅದರ ಪ್ರಸಾರ ಗ್ರಂಥಾಲಯ ಯೋಕೋಹಾಮಾದ ಮಿನಾತೋ ಮಿರಾಯ್ ಬಡಾವಣೆಯಲ್ಲಿ ತೆರೆಯಿತು. 2000ರ ಅಕ್ಟೋಬರಿನಲ್ಲಿ ನಿಹೋನ್ ಓದೋರಿಯ ಮಾಹಿತಿ ಸಂಸ್ಕೃತಿ ಕೇಂದ್ರಕ್ಕೆ ಬಂತು.

ಆ ಕಟ್ಟಡಕ್ಕೂ ಕಥೆಯಿದೆ. 1923ರ ಮಹಾ ಭೂಕಂಪದಲ್ಲಿ ನೆಲಸಮವಾದ ಊರನ್ನು ಮತ್ತೆ ಕಟ್ಟುವಾಗ 1929ರಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಯ ಉತ್ತೇಜನಕ್ಕೆಂದು ಎಬ್ಬಿಸಿದ ಮನೆ ಅದು. ಹೊಸ ಗೋಪುರ ಎತ್ತುವಾಗ ಹಳೆಯ ಮನೆಯನ್ನು ಕೆಡವದೆ ಅದರೊಡನೆಯೇ ಬೆಳೆಸಿದ್ದಾರೆ. ಅದೇ ಕಟ್ಟಡದಲ್ಲಿ ಪತ್ರಿಕೆಗಳ ಮ್ಯೂಸಿಯಂ ಕೂಡ ಇದೆ. ಬೇರೆ ಬೇರೆ ಸ್ಪರ್ಧೆಗಳಲ್ಲಿ ಪ್ರಶಸ್ತಿ ಪಡೆದ ಕಾರ್ಯಕ್ರಮಗಳು ಈ ಗ್ರಂಥಾಲಯದ ಸಂಗ್ರಹಕ್ಕೆ ಬರುವುದು ವಾಡಿಕೆ. ಮಧ್ಯರಾತ್ರಿ ಒಮ್ಮೆ ಪ್ರಸಾರವಾಗಿ ಮರೆಯಾಗಬೇಕಿದ್ದ ಕೆಲಸಕ್ಕೆ ಪ್ರಶಸ್ತಿಯಿಂದ ಸಿಗುವ ದೀರ್ಘ ಆಯಸ್ಸು ಇದು.

ಸಂಗ್ರಹ ಎಷ್ಟು ನಾಜೂಕಿನ ವಸ್ತು ಎಂಬುದನ್ನು ಕಾವಾಸಾಕಿ ಕಲಿತದ್ದು ಕಣ್ಣೀರಿನಿಂದ. 1988ರಲ್ಲಿ ತೆರೆದ ಅಲ್ಲಿನ ನಗರ ಮ್ಯೂಸಿಯಂ ಕಲೆಯ ಜೊತೆ ಛಾಯಾಚಿತ್ರ, ಸಿನಿಮಾ, ವಿಡಿಯೊಗಳನ್ನೂ ಕೂಡಿಟ್ಟಿತ್ತು. 2019ರ ಅಕ್ಟೋಬರ್ 12ರ ರಾತ್ರಿ ಚಂಡಮಾರುತದ ನೀರು ನೆಲಮಾಳಿಗೆಗೆ ನುಗ್ಗಿ ಎರಡು ಲಕ್ಷಕ್ಕೂ ಮಿಕ್ಕಿದ ವಸ್ತುಗಳು ನೆನೆದವು. ಅವುಗಳನ್ನು ಒಂದೊಂದಾಗಿ ಒಣಗಿಸಿ ಉಳಿಸುವ ಕೆಲಸಕ್ಕೆ ವರ್ಷಗಳು ಬೇಕಾದವು.

ಯೋಕೋಹಾಮಾದ ಗ್ರಂಥಾಲಯ ಇರುವುದು ಎಂಟನೇ ಮಹಡಿಯಲ್ಲಿ. ಮಿನಾತೋ ಮಿರಾಯ್ ರೈಲಿನಲ್ಲಿ ನಿಹೋನ್ ಓದೋರಿ ನಿಲ್ದಾಣಕ್ಕೆ ಬಂದರೆ ಬೀದಿಗೆ ಕಾಲಿಡದೆ ಕಟ್ಟಡದೊಳಗೆ ಹೋಗಬಹುದು. ಹಣ ಕೊಡಬೇಕಾಗಿಲ್ಲ. ಕೂತು, ಹೆಡ್‌ಫೋನ್ ಹಾಕಿಕೊಂಡು, ಪಟ್ಟಿಯಿಂದ ಪ್ರಾಂತದ ನಿಲಯವೊಂದರ ಹೆಸರು ಹುಡುಕಿ. ಸೋಮವಾರ ರಜೆ.